ಐದು ಪದರದ ಮರ

ಅರಸೀಕೆರೆ
9 ಆಗಸ್ಟ್ 2001

ಪ್ರೀತಿಯ ಲತಾಮಣಿ ಮಿಸ್‌ಗೆ,

ನೀವು ಪಿ.ಟಿ. ಟೀಚರಾಗಿದ್ದ ನಮ್ಮ ಶಾಲೆ ಬಿಟ್ಟು ಹಳೇಬೀಡಿಗೆ ವರ್ಗವಾಗಿ ಹೋದ ಮೇಲೆ ಹೊಸ ವರ್ಷದ ಕಾರ್ಡು ಬಿಟ್ಟರೆ ನಾನು ಏನೂ ಬರೆದಿಲ್ಲ. ಈಗ ಕೆಲಸ ಬಿದ್ದಾಗ ನೆನಪಾಯಿತೇ ಅಂತ ನೀವು ಅಂದುಕೊಂಡರೆ ಅದು ನಿಜವೇ. ನನಗೆ ಭಯವಾಗಿದೆ ಮಿಸ್. ಯಾರಿಗೆ ಹೇಳಬೇಕೋ ಗೊತ್ತಾಗದೆ ನಿಮಗೆ ಬರೆಯುತ್ತಿದ್ದೇನೆ.

ಹೋದ ತಿಂಗಳು ದಾವಣಗೆರೆಯ ಟೂರ್ನಮೆಂಟಿನಲ್ಲಿ ಸೆಮಿಫೈನಲ್ ಇನ್ನೇನು ಗೆದ್ದೆ ಅನ್ನುವಾಗ ನನ್ನ ಕೈ ನಡುಗಿತು. ಸುಸ್ತಿನ ನಡುಕ ಅಲ್ಲ. ಸರ್ವೀಸ್ ಮಾಡಲು ಚೆಂಡನ್ನು ಅಂಗೈ ಮೇಲೆ ಇಟ್ಟುಕೊಂಡರೆ ಚೆಂಡು ನಿಂತಲ್ಲಿ ನಿಲ್ಲಲಿಲ್ಲ, ಎದುರಿನ ಹುಡುಗಿ ಅದನ್ನೇ ನೋಡುತ್ತಿದ್ದಳು. ಅಲ್ಲಿಂದ ಮುಂದೆ ಬಂದ ಚೆಂಡನ್ನೆಲ್ಲ ಬೇಗ ಬೇಗ ಹೊಡೆದು ಮುಗಿಸಲು ಹೋದೆ. ಎಲ್ಲವೂ ಮೇಜಿನ ಆಚೆ ಬಿದ್ದವು. ಸೋತೆ. ಜ್ವರ ಇತ್ತು ಅಂತ ಮನೆಯಲ್ಲಿ ಹೇಳಿದ್ದೇನೆ.

ಡಿಸೆಂಬರಿನಲ್ಲಿ ಮೈಸೂರಿನಲ್ಲಿ ರೈಲ್ವೆಯ ಸ್ಪೋರ್ಟ್ಸ್ ಕೋಟಾ ಆಯ್ಕೆ ಇದೆ. ಹುಡುಗಿಯರ ಟೇಬಲ್ ಟೆನಿಸ್‌ಗೆ ಒಂದೇ ಹುದ್ದೆ. ಸಿಕ್ಕರೆ ಕೆಲಸವೂ ಆಯಿತು, ಆಟವೂ ಉಳಿಯಿತು. ಸಿಗದಿದ್ದರೆ ಬಿ.ಕಾಂ. ಮುಗಿಸಿ ಅಪ್ಪನ ಕೊಬ್ಬರಿ ಮಂಡಿಯಲ್ಲಿ ಕೂರಬೇಕು, ಬ್ಯಾಟು ಅಟ್ಟ ಸೇರಬೇಕು. ಅಪ್ಪ ಇದನ್ನು ಜೋರು ಮಾಡಿ ಹೇಳಲಿಲ್ಲ, ನಗುತ್ತಾ ಹೇಳಿದರು. ಅದಕ್ಕೇ ಇನ್ನೂ ಭಯ.

ಈಗ ನನ್ನ ಪ್ರಶ್ನೆ. ಚೆಂಡನ್ನು ದೊಡ್ಡದು ಮಾಡಿದ್ದಾರೆ, ಮೊದಲಿನಷ್ಟು ತಿರುಗುವುದಿಲ್ಲ. ಇನ್ನು ಮೇಲೆ ಇಪ್ಪತ್ತೊಂದರ ಬದಲು ಹನ್ನೊಂದು ಪಾಯಿಂಟಿಗೇ ಗೇಮ್ ಅಂತೆ, ಹೆದರಿಕೆ ಇಳಿಯುವುದರೊಳಗೆ ಆಟವೇ ಮುಗಿದಿರುತ್ತದೆ. ಅಣ್ಣ ಶರತ್ಚಂದ್ರ ಕೊಬ್ಬರಿ ಲೋಡಿನ ಜೊತೆ ಬೆಂಗಳೂರಿಗೆ ಹೋದವನು ಒಳಗೆ ಕಾರ್ಬನ್ ಪದರ ಇರುವ ಬ್ಯಾಟು ತಂದುಕೊಟ್ಟಿದ್ದಾನೆ. ಮುಟ್ಟಿದರೆ ಸಾಕು, ಚೆಂಡು ಹಾರುತ್ತದೆ. ಇದಕ್ಕಿಂತ ವೇಗದ್ದು ಕೊಳ್ಳಲೇ? ರೈಲ್ವೆ ಇನ್‌ಸ್ಟಿಟ್ಯೂಟಿನಲ್ಲಿ ಆಡುವವರೆಲ್ಲ ವೇಗ ವೇಗ ಅನ್ನುತ್ತಾರೆ. ನೀವು ಮಾತ್ರ ಬರೀ ಮರದ ಬ್ಯಾಟು ಅನ್ನುತ್ತಿದ್ದಿರಿ.

ಗೌರಿ ಹಬ್ಬಕ್ಕೆ ಮನೆಗೆ ಬನ್ನಿ. ಮ್ಯಾಚ್ ಮುಗಿಸಿ ನನ್ನನ್ನು ಬಿಡಲು ಬಂದಾಗ ನೀವು ಕಾಫಿ ಕುಡಿಯುತ್ತಿದ್ದ ಅಂಚು ನೆಗ್ಗಿದ ಲೋಟ ಇನ್ನೂ ಜಗಲಿಯ ಕಿಟಕಿಯಲ್ಲೇ ಇದೆ. ಅಮ್ಮ ಬೇರೆ ಯಾರಿಗೂ ಅದರಲ್ಲಿ ಕೊಡುವುದಿಲ್ಲ.

ನಿಮ್ಮ
ಅಕ್ಷತಾ


ಬಸ್ತಿಹಳ್ಳಿ, ಹಳೇಬೀಡು
17 ಆಗಸ್ಟ್ 2001

ಅಕ್ಷತಾ,

ಕೆಲಸ ಬಿದ್ದಾಗ ನೆನಪಾಗುವುದೂ ನೆನಪೇ, ಅದಕ್ಕೆ ನಾಚಿಕೊಳ್ಳಬೇಡ.

ಮೊದಲು ಬೈಗುಳ ಮುಗಿಸುತ್ತೇನೆ. ಕಾರ್ಬನ್ ಬ್ಯಾಟನ್ನು ತಂದದ್ದು ನಿನ್ನ ಅಣ್ಣ, ಹಿಡಿದುಕೊಂಡದ್ದು ನಿನ್ನ ಭಯ. ಗೆದ್ದಾದರೂ ಸರಿ ಸೋತಾದರೂ ಸರಿ, ಪಾಯಿಂಟು ಬೇಗ ಮುಗಿಯಲಿ ಅನ್ನುವವರಿಗೆ ಅದು ಹೇಳಿ ಮಾಡಿಸಿದ್ದು. ನೀನು ಅಂಥವಳಲ್ಲ ಕಣೇ. ನೀನು ಚೆಂಡನ್ನು ಕೆಳಗಿನಿಂದ ಉಜ್ಜಿ ಎತ್ತಿ, ತಿರುಗಿಸಿ, ಎದುರಿನವಳನ್ನು ಗೋಳು ಹೊಯ್ದುಕೊಂಡು ಗೆಲ್ಲುವವಳು. ತಿರುಗಿಸಬೇಕಾದರೆ ಚೆಂಡು ಬ್ಯಾಟಿನ ಮೇಲೆ ಒಂದು ಚೂರು ಹೊತ್ತು ನಿಲ್ಲಬೇಕು. ಕಾರ್ಬನ್ ಅದನ್ನು ನಿಲ್ಲಲು ಬಿಡದೆ ಒದ್ದು ಕಳಿಸುತ್ತದೆ. ಮರ ಸ್ವಲ್ಪ ಬಾಗುತ್ತದೆ, ಹಿಡಿದುಕೊಂಡು ಬಿಡುತ್ತದೆ. ದೊಡ್ಡ ಚೆಂಡು ಬಂದ ಮೇಲಂತೂ ನಿನಗೆ ಮರವೇ ಬೇಕು.

ಐದು ಪದರದ್ದು ಆಗಲಿ. ಏಳು ಪದರದ್ದು ಗಡುಸು, ಅದು ಚಚ್ಚುವವರಿಗೆ. ದಪ್ಪ ಆರು ಮಿಲಿಮೀಟರಿಗಿಂತ ತುಸು ಕಡಿಮೆ ಇರಲಿ. ಭಾರ ಹೆಚ್ಚಾದರೆ ಮಣಿಕಟ್ಟು ನೋಯುತ್ತದೆ, ತೀರಾ ಹಗುರವಾದರೆ ಎದುರಿನ ಹೊಡೆತಕ್ಕೆ ಬ್ಯಾಟೇ ಕೈಯಲ್ಲಿ ತಿರುಗುತ್ತದೆ. ಆಮೇಲೆ, ರಬ್ಬರ್ ಅಂಟಿಸುವ ಮೊದಲು ಬರೀ ಮರವನ್ನು ಸಡಿಲವಾಗಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ ಕೇಳು. ನಿಮ್ಮಪ್ಪ ಮಂಡಿಯಲ್ಲಿ ಕಾಯಿ ತಟ್ಟುವುದಿಲ್ಲವೇ, ಹಾಗೆ. ಟಣ್ ಎಂದು ಸಣ್ಣ ಸ್ವರ ಬಂದರೆ ಅಲ್ಲೇ ಇಟ್ಟುಬಿಡು. ದಪ್ಪ ಸ್ವರ ಬಂದು ಅದರ ನಡುಕ ಹಿಡಿಯವರೆಗೆ ಬಂದರೆ ಅದು ನಿನ್ನದು. ಆ ನಡುಕದಿಂದಲೇ ಚೆಂಡು ಎಲ್ಲಿ ತಾಗಿತು ಅಂತ ಕೈಗೆ ತಿಳಿಯುವುದು. ನಡುಕವೆಲ್ಲ ಕೆಟ್ಟದ್ದಲ್ಲ.

ಹಾಸನದ ಅಂಗಡಿಯಲ್ಲಿ ಅಂಥದ್ದೊಂದು ನೋಡಿದ್ದೇನೆ. ಪಾರ್ಸೆಲ್ ಮಾಡುತ್ತೇನೆ.

ಹಬ್ಬಕ್ಕೆ ಬರಲಾಗುವುದಿಲ್ಲ. ಹೋಬಳಿ ಮಟ್ಟದ ಕ್ರೀಡಾಕೂಟ ನನ್ನ ತಲೆಗೆ ಕಟ್ಟಿದ್ದಾರೆ.

ಲತಾಮಣಿ


ಅರಸೀಕೆರೆ
6 ಸೆಪ್ಟೆಂಬರ್ 2001

ಲತಾ ಮಿಸ್,

ಬ್ಯಾಟು ತಲುಪಿತು. ಹೇಳಬಾರದು, ಆದರೆ ಅಂಗಡಿಯವನು ನಿಮಗೆ ಚೆನ್ನಾಗಿ ಟೋಪಿ ಹಾಕಿದ್ದಾನೆ. ಹಿಡಿ ಬೆವರಿಗೆ ಕಪ್ಪಾಗಿದೆ, ಹೆಬ್ಬೆರಳು ಕೂರುವ ಕಡೆ ಯಾರೋ ಉಜ್ಜಿ ಉಜ್ಜಿ ಗುಳಿ ಮಾಡಿದ್ದಾರೆ. ಅಂಚಿನಲ್ಲಿ ಮೇಲಿನ ಪದರ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಇದು ಯಾರೋ ಆಡಿ ಬಿಟ್ಟ ಬ್ಯಾಟು. ಮುಂದಿನ ಸಲ ಹಾಸನಕ್ಕೆ ಹೋದಾಗ ಅವನಿಗೆ ಚೆನ್ನಾಗಿ ಬೈದು ಬನ್ನಿ.

ಆದರೂ ತಟ್ಟಿದೆ. ದಪ್ಪ ಸ್ವರ ಬಂತು. ನನ್ನ ಹಳೆಯ ರಬ್ಬರನ್ನು ಸೈಕಲ್ ಶಾಪಿನ ಪಂಕ್ಚರ್ ಸೊಲ್ಯೂಷನ್ ಹಾಕಿ ಅಂಟಿಸಿ ಇನ್‌ಸ್ಟಿಟ್ಯೂಟಿಗೆ ಹೋದೆ. ಮೊದಲ ವಾರ ಎಲ್ಲವೂ ನೆಟ್‌ಗೆ. ಆಮೇಲೆ ಒಂದು ಚೆಂಡು ಬ್ಯಾಟಿನ ಮೇಲೆ ನಿಂತು ಹೋಯಿತು ಮಿಸ್. ಹೋದದ್ದು ನಿಧಾನಕ್ಕೆ, ಬಿದ್ದ ಮೇಲೆ ಎಗರಿದ ರೀತಿಗೆ ಎದುರಿದ್ದ ಗೂಡ್ಸ್ ಗಾರ್ಡ್ ದೇವೀರಪ್ಪನವರು ಬ್ಯಾಟನ್ನೇ ಕೆಳಗಿಟ್ಟು ನಕ್ಕರು.

ಅಭ್ಯಾಸದಲ್ಲಿ ಇಷ್ಟೆಲ್ಲ ಆಗುತ್ತದೆ. ಯಾರಾದರೂ ಪಾಯಿಂಟು ಎಣಿಸಲು ಶುರುಮಾಡಿದರೆ ಕೈ ಮತ್ತೆ ನಡುಗುತ್ತದೆ. ಈಗ ಊಟಕ್ಕೆ ಕೂತಾಗಲೂ ಕೆಲವು ಸಲ ನಡುಗುತ್ತದೆ. ಅಮ್ಮ ನೋಡಿರಬಹುದು, ಏನೂ ಕೇಳಿಲ್ಲ. ಆ ಬಿರುಕು ದೊಡ್ಡದಾಗಿ ಡಿಸೆಂಬರಿಗೆ ಮೊದಲೇ ಬ್ಯಾಟು ಕೈಕೊಟ್ಟರೆ ಅಂತ ದಿನಕ್ಕೆ ಹತ್ತು ಸಲ ಅಂಚು ಸವರಿ ನೋಡುತ್ತೇನೆ. ಮನೆಯವರಿಗೆಲ್ಲ ಆ ಬಿರುಕಿನ ಕಥೆ ಕೇಳಿ ಸಾಕಾಗಿದೆ.

ಅಕ್ಷತಾ


ಬಸ್ತಿಹಳ್ಳಿ
15 ಸೆಪ್ಟೆಂಬರ್ 2001

ಅಕ್ಷತಾ,

ಅಂಗಡಿಯವನಿಗೆ ಬೈದಿದ್ದೇನೆ. ಅವನಿಗೆ ನಾಚಿಕೆಯೇ ಇಲ್ಲ, ಹಳೆಯ ಮರ ಪಳಗಿರುತ್ತದೆ ಎಂದು ವಾದ ಮಾಡುತ್ತಾನೆ.

ಬಿರುಕಿನ ಮೇಲೆ ತೆಳ್ಳಗೆ ಅಂಟು ಸವರಿ ಟೇಪು ಸುತ್ತು, ಅದು ನಿನಗಿಂತ ಹೆಚ್ಚು ದಿನ ಬಾಳುತ್ತದೆ. ನೀರು ಮಾತ್ರ ತಾಗಿಸಬೇಡ. ಪದರಗಳನ್ನು ಹಿಡಿದಿರುವುದು ಅಂಟು, ನೆಂದರೆ ಎಲ್ಲ ಬಿಟ್ಟುಕೊಳ್ಳುತ್ತದೆ.

ಕೈ ನಡುಗುವುದನ್ನು ನಿಲ್ಲಿಸಲು ಹೋಗಬೇಡ. ನಡುಗುವ ಕೈಯಿಂದಲೇ ಕಾಯುವುದನ್ನು ಕಲಿ. ಚೆಂಡು ಎದ್ದು, ತುದಿ ಮುಟ್ಟಿ, ಇಳಿಯಲು ಶುರುವಾಗುತ್ತದಲ್ಲ, ಅಲ್ಲಿಯವರೆಗೆ ಸುಮ್ಮನಿರು. ಹೆದರಿದವರು ಚೆಂಡು ಏಳುವಾಗಲೇ ಹೊಡೆಯುತ್ತಾರೆ. ನೀನು ಹೆದರಿಕೊಂಡೇ ಕಾಯು.

ಅಮ್ಮ ನೋಡಿಯೂ ಕೇಳಲಿಲ್ಲ ಅಂದೆಯಲ್ಲ. ಕೇಳಲು ಅವರಿಗೂ ಭಯ ಇರಬಹುದು.

ಲತಾಮಣಿ


ಅರಸೀಕೆರೆ
10 ನವೆಂಬರ್ 2001

ಮಿಸ್,

ಎಷ್ಟೋ ಸಲ ಬರೆದು ಹರಿದು ಹಾಕಿದೆ. ಬ್ಯಾಟು ಹಾಳಾಗಿದೆ.

ಆಯ್ಕೆಗೆಂದು ಅಣ್ಣ ಹೊಸ ರಬ್ಬರ್ ತಂದಿದ್ದ. ಅಂಟಿಸೋಣವೆಂದು ಹಳೆಯದನ್ನು ಕಿತ್ತು, ಬರೀ ಮರವನ್ನು ಶೆಲ್ಫಿನ ಮೇಲಿಟ್ಟು ಕಾಲೇಜಿಗೆ ಹೋಗಿದ್ದೆ. ಅದರ ಮೇಲೆ ನೀರು ಚೆಲ್ಲಿಬಿಟ್ಟಿತು. ಪದರಗಳು ಉಬ್ಬಿ ಬಾಯಿ ಬಿಟ್ಟಿವೆ. ಭಾರ ಇಟ್ಟು ಒತ್ತಿದೆ, ಪ್ರಯೋಜನವಾಗಲಿಲ್ಲ. ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ. ಬೇಲೂರಿನಲ್ಲಿ ಒಳ್ಳೆಯ ಬಡಗಿಗಳಿದ್ದಾರಲ್ಲ, ಯಾರಿಗಾದರೂ ತೋರಿಸಿ. ಡಿಸೆಂಬರ್ ಎಂಟಕ್ಕೆ ಆಯ್ಕೆ.

ನೀರು ಹೇಗೆ ಚೆಲ್ಲಿತು ಅಂತ ದಯವಿಟ್ಟು ಕೇಳಬೇಡಿ. ನನಗೆ ನಿದ್ದೆ ಬರುತ್ತಿಲ್ಲ. ಆ ಬ್ಯಾಟು ಇಲ್ಲದೆ ನನ್ನ ಕೈಲಿ ಆಗುವುದಿಲ್ಲ.

ಅಕ್ಷತಾ


ಬಸ್ತಿಹಳ್ಳಿ
17 ನವೆಂಬರ್ 2001

ಕುಮಾರಿ ಅಕ್ಷತಾ ನಂಜಪ್ಪ ಅವರಿಗೆ,

ನೀವು ಕಳಿಸಿದ ಬ್ಯಾಟು ತಲುಪಿತು. ಯಾವ ಬಡಗಿಯೂ ಅದನ್ನು ಸರಿಮಾಡಲಾರ.

ನೀರು ಚೆಲ್ಲಿತು ಎಂದು ಬರೆದಿದ್ದೀರಿ. ಚೆಲ್ಲಿದ ನೀರು ಹಿಡಿಯ ಒಳಗಿನವರೆಗೆ ಇಳಿಯುವುದಿಲ್ಲ. ಇದು ಇಡೀ ಮುಳುಗಿ ನೆಂದಿರುವ ಮರ. ಹಿಡಿಯ ಸಂದಿಯಲ್ಲಿ ಅರಿಶಿನ ನಿಂತಿದೆ. ಅರಿಶಿನ ತಾನಾಗಿ ಚೆಲ್ಲುವುದಿಲ್ಲ.

ಬ್ಯಾಟು ಹಾಸನದ ಅಂಗಡಿಯದಲ್ಲ. ನನ್ನದು. ವಿಶ್ವವಿದ್ಯಾಲಯದ ತಂಡಕ್ಕೆ ನಾನು ಆಡಿದ್ದು ಅದರಲ್ಲೇ. ಆ ಗುಳಿ ನನ್ನ ಹೆಬ್ಬೆರಳಿನದು. ನನ್ನದು ಎಂದು ಹೇಳಿ ಕಳಿಸಿದರೆ ನಿಮ್ಮ ಮನೆಯ ಹೊಸ್ತಿಲು ದಾಟುತ್ತದೋ ಇಲ್ಲವೋ ಎಂಬ ಅನುಮಾನದಿಂದ ಅಂಗಡಿಯ ಹೆಸರು ಹೇಳಿದೆ. ಹಳೆಯದು ಎಂದ ಮೇಲೆ ಯಾರದೆಂದು ಊಹಿಸಲು ನಿಮ್ಮ ತಾಯಿಯವರಿಗೆ ಎಷ್ಟು ಹೊತ್ತು? ಮೈಲಿಗೆ ಕಳೆಯಲು ನೀರು, ಅರಿಶಿನ. ನನಗೆ ಗೊತ್ತಿರುವ ಶಾಸ್ತ್ರವೇ.

ನೀನು ಆ ನೆಗ್ಗಿದ ಲೋಟದ ಬಗ್ಗೆ ಸಂತೋಷದಿಂದ ಬರೆದಿದ್ದೆ. ಹೇಳಿಬಿಡುತ್ತೇನೆ. ನಾವು ಊರ ಹೊರಗಿನ ಕೇರಿಯಿಂದ ಬಂದವರು. ನಮ್ಮಪ್ಪ ಬುದ್ಧನ ದಾರಿ ಹಿಡಿದರು, ನಾನು ಓದಿ ಸಂಬಳ ತಂದೆ. ಆದರೂ ನಿಮ್ಮ ಜಗಲಿಯಲ್ಲಿ ನನಗೊಂದು ಬೇರೆ ಲೋಟ ಇತ್ತು. ಕಾಫಿ ಕುಡಿದ ಮೇಲೆ ನಾನೇ ಅದನ್ನು ತೊಳೆದು ಕಿಟಕಿಯಲ್ಲಿ ಬೋರಲು ಹಾಕಿ ಬರುತ್ತಿದ್ದೆ. ಆ ಹೊತ್ತಿಗೆ ನೀನು ಒಳಗೆ ಕೈಕಾಲು ತೊಳೆಯುತ್ತಿದ್ದೆ, ನೋಡಿಲ್ಲ. ಮಕ್ಕಳ ಮುಂದೆ ಸೀಟಿ ಊದಿ ಮೈದಾನ ನಡುಗಿಸುವ ನನಗೆ ಆ ಒಂದು ಲೋಟ ಕಂಡರೆ ಭಯ. ಮೊನ್ನೆ ಪಾರ್ಸೆಲ್ ಬಿಚ್ಚಿದಾಗಲೂ ಸಿಟ್ಟಿಗಿಂತ ಮೊದಲು ಬಂದದ್ದು ಅದೇ ಭಯ.

ಮುಂದೆ ಕಾಗದ ಬರೆಯುವುದು ಬೇಡ.

ಮೈಸೂರಿಗೆ ಒಂದು ದಿನ ಮೊದಲೇ ಹೋಗಿ ಹೊಸದು ಕೊಳ್ಳಿ. ಐದು ಪದರ. ತಟ್ಟಿ ನೋಡಿ. ಹೆದರಿಕೆಗೆ ಕಾರ್ಬನ್ ಮಾತ್ರ ಹಿಡಿಯಬೇಡಿ.

ಲತಾಮಣಿ ಭೀಮರಾಜ್


ಅರಸೀಕೆರೆ
22 ನವೆಂಬರ್ 2001

ಮಿಸ್,

ಬರೆಯಬೇಡ ಅಂದಿದ್ದೀರಿ. ಇದೊಂದು ಓದಿ, ಆಮೇಲೆ ಹರಿದು ಹಾಕಿ.

ನಾನು ಸುಳ್ಳು ಬರೆದೆ. ಬ್ಯಾಟನ್ನು ನೆನೆಹಾಕಿದ್ದು ಅಮ್ಮನೇ. ಆದರೆ ನೀವು ಅಂದುಕೊಂಡ ಕಾರಣಕ್ಕಲ್ಲ. ನಮ್ಮ ಮನೆಯಲ್ಲಿ ಮರದ ಸೌಟು, ಕಡಗೋಲು, ಮಣೆ ಏನೇ ಬಿರುಕು ಬಿಡುವ ಹಾಗೆ ಕಂಡರೂ ಅಮ್ಮ ಅದನ್ನು ಅಕ್ಕಿ ತೊಳೆದ ನೀರಿನಲ್ಲಿ ನೆನೆಸಿ, ನೆರಳಲ್ಲಿ ಆರಿಸಿ, ಹುಳ ಬೀಳದ ಹಾಗೆ ಅರಿಶಿನ ಕಲಸಿದ ಕೊಬ್ಬರಿ ಎಣ್ಣೆ ಸವರುತ್ತಾರೆ. ಅಜ್ಜಿಯ ಕಾಲದ ಕಡಗೋಲು ಹಾಗೇ ಉಳಿದಿದೆ. ನಾನು ದಿನವೂ ಬಿರುಕು ಬಿರುಕು ಅಂತ ಗೋಳಾಡಿದ್ದನ್ನು ಕೇಳಿ ಕೇಳಿ, ಅವತ್ತು ರಬ್ಬರ್ ಇಲ್ಲದ ಬರೀ ಮರ ಸಿಕ್ಕಿದ್ದೇ ತಡ, ಮಗಳಿಗೆ ಒಳ್ಳೆಯದಾಗಲಿ ಅಂತ ಹಾಗೆಯೇ ಮಾಡಿದ್ದಾರೆ. ಕಾಲೇಜಿನಿಂದ ಬಂದರೆ ಬ್ಯಾಟು ದೇವರ ಕೋಣೆಯಲ್ಲಿ ಹೊಳೆಯುತ್ತಾ ಕೂತಿತ್ತು. ನಾನು ಕಿರುಚಿದೆ. ಅಮ್ಮನಿಗೆ ಏನು ತಪ್ಪಾಯಿತು ಅಂತಲೇ ಗೊತ್ತಾಗಲಿಲ್ಲ. ನೀವು ಅಮ್ಮನನ್ನು ದಡ್ಡಿ ಅಂದುಕೊಂಡು ನಗುತ್ತೀರಿ ಅನ್ನುವ ಭಯಕ್ಕೆ ನೀರು ಚೆಲ್ಲಿತು ಅಂತ ಬರೆದೆ.

ನಿಮ್ಮ ಕಾಗದ ಬಂದಾಗ ಅಮ್ಮನೇ ಅದನ್ನು ಅಂಚೆಯವನಿಂದ ತೆಗೆದುಕೊಂಡು ನನಗೆ ಕೊಟ್ಟರು, ಓದುವಾಗ ನನ್ನ ಮುಖ ನೋಡಿ ಕಿತ್ತುಕೊಂಡು ಓದಿದರು. ಅಕ್ಷರ ಕೂಡಿಸಿ ಓದುವವರು, ತುಂಬಾ ಹೊತ್ತು ಓದಿದರು. ಲೋಟದ ವಿಷಯ ನನಗೆ ತಿಳಿದಿರಲಿಲ್ಲ ಮಿಸ್. ನಿಮಗೆಂದೇ ಪ್ರೀತಿಯಿಂದ ಇಟ್ಟ ಲೋಟ ಅಂದುಕೊಂಡಿದ್ದೆ. ಅಮ್ಮ ಸುಳ್ಳು ಅನ್ನುತ್ತಾರೆ ಅಂತ ಕಾದೆ. ಅನ್ನಲಿಲ್ಲ.

"ಲೋಟದ್ದು ನಿಜ ಕಣೇ. ಬ್ಯಾಟಿಂದು ಹಂಗಲ್ಲ. ಎರಡನ್ನೂ ಹಂಗೇ ಬರಿ" ಅಂದರು.

ಅದಕ್ಕೇ ಎರಡನ್ನೂ ಬರೆದಿದ್ದೇನೆ. ನನಗೆ ಈಗ ಮೈಸೂರಿಗಿಂತ ನಮ್ಮ ಜಗಲಿ ಕಂಡರೆ ಭಯವಾಗುತ್ತದೆ.

ಅಕ್ಷತಾ


ಅರಸೀಕೆರೆ
10 ಡಿಸೆಂಬರ್ 2001

ಮಿಸ್,

ನಿಮ್ಮಿಂದ ಉತ್ತರ ಬರಲಿಲ್ಲ. ಬರುವುದಿಲ್ಲ ಅಂತ ಗೊತ್ತಿತ್ತು, ಆದರೂ ಅಂಚೆಯವನ ಸೈಕಲ್ ಬೆಲ್ ಕೇಳಿದಾಗಲೆಲ್ಲ ಬಾಗಿಲಿಗೆ ಹೋಗುತ್ತಿದ್ದೆ. ಬೇರೆ ಯಾರಿಗೂ ಇದನ್ನು ಹೇಳಲು ಆಗುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಆಯ್ಕೆಯ ಹಿಂದಿನ ದಿನ ಅಪ್ಪನ ಜೊತೆ ಮೈಸೂರಿನ ಅಂಗಡಿಗೆ ಹೋದೆ. ಐದು ಪದರದ ಬರೀ ಮರದವು ಕೆಲವೇ ಇದ್ದವು. ನಾನು ತಟ್ಟಲು ಹೋದರೆ ಗೆಣ್ಣೇ ನಡುಗುತ್ತಿತ್ತು, ಯಾವ ಸ್ವರವೂ ಸರಿಯಾಗಿ ಕೇಳಲಿಲ್ಲ. ಅಪ್ಪ ಒಂದನ್ನು ತೆಗೆದುಕೊಂಡು, ಮಂಡಿಯ ಅಭ್ಯಾಸದಲ್ಲಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿಯೇಬಿಟ್ಟರು. ಅಂಗಡಿಯವರು ನಕ್ಕರು. ನನಗೂ ನಗು ಬಂತು, ನಕ್ಕ ಮೇಲೆ ಕಿವಿ ತೆರೆಯಿತು. ನೀವು ಬರೆದ ಕಾಗದ ಬಾಯಿಪಾಠವಾಗಿತ್ತು. ಸಣ್ಣ ಸ್ವರದವನ್ನು ಪಕ್ಕಕ್ಕಿಟ್ಟೆ. ಒಂದು ಮಾತ್ರ ದಪ್ಪ ಸ್ವರ ಕೊಟ್ಟು ಹಿಡಿಯಲ್ಲಿ ಮಿಡಿಯಿತು. ಪಕ್ಕದಲ್ಲೇ ಕಾರ್ಬನ್ ಬ್ಯಾಟು ಇತ್ತು, ಕೈ ಒಂದು ಸಲ ಅದರ ಕಡೆಗೂ ಹೋಗಿ ಬಂತು. ಮರವನ್ನೇ ಕೊಂಡು, ಅಣ್ಣ ತಂದಿದ್ದ ಹೊಸ ರಬ್ಬರನ್ನು ಅದಕ್ಕೆ ಅಂಟಿಸಿದೆ.

ಕೊನೆಯ ಮ್ಯಾಚು ಹುಬ್ಬಳ್ಳಿಯ ಹುಡುಗಿಯ ಜೊತೆ. ಗೆದ್ದವರಿಗೆ ಹುದ್ದೆ. ಕೊನೆಯ ಗೇಮಿನಲ್ಲಿ ಇಬ್ಬರೂ ಸಮಸಮ ಬಂದಾಗ ಚೆಂಡು ಮತ್ತೆ ಅಂಗೈಯಲ್ಲಿ ಅಲ್ಲಾಡಿತು. ಅವಳೂ ನೋಡಿದಳು. ದಾವಣಗೆರೆಯೇ ಮತ್ತೆ ಎದುರು ಬಂದ ಹಾಗಾಯಿತು, ಓಡಿಹೋಗೋಣ ಅನ್ನಿಸಿತು. ಹೆದರಿಕೊಂಡೇ ಕಾಯು ಅಂದಿದ್ದಿರಿ. ಸರ್ವೀಸ್ ಮಾಡಿದೆ. ಅವಳು ಮರಳಿಸಿದ ಚೆಂಡು ಎದ್ದಿತು, ನಿಂತಿತು, ಇಳಿಯಿತು. ಆಮೇಲೆ ಎತ್ತಿದೆ. ಹೊಸ ಮರ, ನಿಮ್ಮದರಷ್ಟು ಚೆನ್ನಾಗಿ ಹಿಡಿಯಲಿಲ್ಲ, ಸಾಕಾಗುವಷ್ಟು ಹಿಡಿಯಿತು. ಅವಳು ಹೊಡೆದದ್ದು ನೆಟ್ ಸೇರಿತು. ಇನ್ನೊಂದೂ ಹಾಗೆಯೇ.

ನನ್ನ ಹೆಸರು ಕೂಗಿದರು ಮಿಸ್. ಹುದ್ದೆ ನನಗೇ.

ಅವತ್ತೇ ಸಂಜೆ ಮನೆಗೆ ಬಂದರೆ ಅಮ್ಮ ಇರಲಿಲ್ಲ. ಹಾರನಹಳ್ಳಿಯ ದೇವಸ್ಥಾನಕ್ಕೆ ಹೋಗಿದ್ದೆ ಅಂತ ಕತ್ತಲಾದ ಮೇಲೆ ಬಂದರು. ವಿಷಯ ಹೇಳಿದೆ. ನನ್ನ ಕೈ ಹಿಡಿದುಕೊಂಡು ಕೂತರು, ನಿಮಗೆ ತಿಳಿಸಿದೆಯಾ ಅಂತ ಮಾತ್ರ ಕೇಳಿದರು. ಕಿಟಕಿಯಲ್ಲಿ ಆ ಲೋಟ ಕಾಣಿಸುತ್ತಿಲ್ಲ. ಎಸೆದುಬಿಟ್ಟರೋ ಏನೋ, ಕೇಳಲು ನನಗೆ ಧೈರ್ಯವಿಲ್ಲ.

ಅಕ್ಷತಾ


ಬಸ್ತಿಹಳ್ಳಿ
14 ಡಿಸೆಂಬರ್ 2001

ಅಕ್ಷತಾ,

ಗೆದ್ದೆ. ನಿನ್ನ ಕಾಗದದ ಆ ಭಾಗವನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಇಳಿಯುವ ಚೆಂಡಿಗೆ ಕಾದೆಯಲ್ಲ, ಹುದ್ದೆಗಿಂತ ನನಗೆ ಅದೇ ದೊಡ್ಡದು.

ನಿಮ್ಮಮ್ಮ ಹಾರನಹಳ್ಳಿಗೆ ಹೋಗಿರಲಿಲ್ಲ. ಜಾವಗಲ್ ಬಸ್ಸು ಹತ್ತಿ, ಅಲ್ಲಿ ಬಸ್ಸು ಬದಲಿಸಿ, ಬಸದಿಯ ಹತ್ತಿರ ಇಳಿದು ವಿಳಾಸ ಕೇಳಿಕೊಂಡು ನಮ್ಮ ಮನೆಗೆ ಬಂದಿದ್ದರು. ನಿನ್ನ ಆಯ್ಕೆಯ ದಿನವೇ. ಬಾಗಿಲಲ್ಲಿ ಅವರನ್ನು ಕಂಡು ಚಿಲಕದ ಮೇಲೆ ಕೈ ಇಟ್ಟುಕೊಂಡೇ ನಿಂತೆ. ಜಗಳಕ್ಕೆ ಬಂದರೋ, ಏನಾದರೂ ಕೊಟ್ಟು ಬಾಯಿ ಮುಚ್ಚಿಸಲು ಬಂದರೋ ಅಂತ ಭಯ. ಅವರ ಮುಖ ನನಗಿಂತ ಹೆಚ್ಚು ಹೆದರಿತ್ತು. ಒಳಗೆ ಬನ್ನಿ ಅಂದೆ. ಬಂದು ಕೂತರು. ಚೀಲದಿಂದ ಟವೆಲ್ಲಿನಲ್ಲಿ ಸುತ್ತಿದ್ದನ್ನು ತೆಗೆದು ನೆಲದ ಮೇಲಿಟ್ಟರು. ಆ ಲೋಟ.

"ಎಸೆಯೋಕೆ ಹೋದೆ, ಕೈ ಬರ್ಲಿಲ್ಲ ಮೇಡಂ. ಎಸೆದ್ರೆ ನಾನು ಮಾಡಿದ್ದೂ ಎಸೆದಂಗೆ ಆಗ್ಬಿಡ್ತದೆ. ಇದನ್ನ ಏನ್ ಮಾಡ್ಬೇಕು ನೀವೇ ಹೇಳಿ" ಅಂದರು.

ಒಳಗೆ ಹೋಗಿ ಕಾಫಿ ಮಾಡಿದೆ. ಅವರಿಗೆ ಆ ಲೋಟದಲ್ಲೇ ಕೊಟ್ಟೆ. ಯೋಚಿಸಿ ಕೊಟ್ಟೆನೋ, ಸಿಟ್ಟಿಗೆ ಕೊಟ್ಟೆನೋ, ಈಗಲೂ ಗೊತ್ತಿಲ್ಲ. ಅವರು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕಾಫಿ ಅಂಚಿನವರೆಗೆ ಅಲ್ಲಾಡುತ್ತಿತ್ತು. ನಿನ್ನ ಕೈ ನಡುಕ ಯಾರ ಕಡೆಯಿಂದ ಬಂದದ್ದು ಅಂತ ಅವತ್ತು ತಿಳಿಯಿತು. "ಈ ಹೊತ್ತಿಗೆ ಆಡ್ತಾ ಇರ್ತಾಳೇನೋ" ಅಂದರು. ಇರಬಹುದು ಅಂದೆ. ಆಮೇಲೆ ಇಬ್ಬರೂ ನಿನಗಾಗಿ ಹೆದರಿಕೊಂಡು ಕೂತಿದ್ದೆವು. ಹಾಳಾದ ಬ್ಯಾಟು ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಅವರು ಎದ್ದು ಹೋಗಿ ಅದರ ಉಬ್ಬಿದ ಪದರ ಸವರಿ, ಇದು ಸೌಟಲ್ಲ ಅಂತ ತಮಗೆ ಯಾರೂ ಹೇಳಲಿಲ್ಲ ಅಂತ ಅತ್ತರು. ನನಗೂ ಅಳು ಬಂತು.

ಕಾಫಿ ಕುಡಿದು ಮುಗಿಸಿದ ಮೇಲೆ ಅವರೇ ಎದ್ದು, ಹಿತ್ತಲ ನಲ್ಲಿಯಲ್ಲಿ ಲೋಟ ತೊಳೆದು, ನಮ್ಮ ಜಗಲಿಯ ಕಿಟಕಿಯಲ್ಲಿ ಬೋರಲು ಹಾಕಿದರು. ನಾನು ಹೇಳಿರಲಿಲ್ಲ. ಬೇಡ ಅಂತಲೂ ಹೇಳಲಿಲ್ಲ.

ಎಲ್ಲ ಮರೆತಿದ್ದೇನೆ ಅಂತ ಬರೆದರೆ ಅದೂ ನೀರು ಚೆಲ್ಲಿತು ಅಂದ ಹಾಗೆಯೇ ಆಗುತ್ತದೆ. ಮರೆತಿಲ್ಲ. ಆದರೆ ಅವರ ಬಸ್ಸು ಹೋದ ಮೇಲೆ ಆ ಲೋಟವನ್ನು ಕಿಟಕಿಯಿಂದ ತೆಗೆದು ಅಡುಗೆಮನೆಯಲ್ಲಿ ನಮ್ಮ ಲೋಟಗಳ ಸಾಲಿನಲ್ಲಿ ಇಟ್ಟೆ.

ಕೆಲಸಕ್ಕೆ ಸೇರುವ ಮೊದಲು ಅಮ್ಮನನ್ನೂ ಕರೆದುಕೊಂಡು ಒಂದು ದಿನ ಬಾ. ಹೊಸ ಬ್ಯಾಟು ತಾ, ನಾನೂ ಒಂದು ಸಲ ತಟ್ಟಿ ಕೇಳಬೇಕು. ಕಾಫಿಯನ್ನು ಕೈಗೆ ಸಿಕ್ಕಿದ ಲೋಟದಲ್ಲಿ ಕೊಡುತ್ತೇನೆ. ಯಾವುದು ಯಾರಿಗೆ ಬರುತ್ತದೆ ಅಂತ ನಾನು ನೋಡುವುದಿಲ್ಲ.

ನಿನ್ನ
ಲತಾ ಮಿಸ್